ಕೆಮ್ಮಿ ತೋರಿಸವ್ವಾ

ಮೂವತ್ತನಾಲ್ಕು ವರ್ಷ ನಾನು ಪುಣೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅದರಲ್ಲಿ ಇಪ್ಪತ್ತೆಂಟು ವರ್ಷ ಒಂದೇ ವಾರ್ಡು. ಎರಡನೇ ಮಹಡಿ, ಹನ್ನೆರಡು ಮಂಚ. ಆ ಮಂಚಗಳ ಮೇಲೆ ಮಲಗುತ್ತಿದ್ದವರೆಲ್ಲ ಹೊಟ್ಟೆ ಕೊಯ್ಸಿಕೊಂಡು ತಾಯಿಯಾದವರು. ಸಿಸೇರಿಯನ್ ಎಂದರೆ ಸುಲಭದ ಹೆರಿಗೆ, ಈಗಿನ ಹುಡುಗಿಯರಿಗೆ ನೋವು ತಿನ್ನೋ ತ್ರಾಣ ಇಲ್ಲ ಎಂದು ಮಾತಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂಥವರನ್ನು ಒಂದು ದಿನ ಆ ವಾರ್ಡಿನಲ್ಲಿ ಸ್ಟೂಲ್ ಹಾಕಿ ಕೂರಿಸಬೇಕು. ನಗು ಬಂದರೆ ಹೊಲಿಗೆ ಹಿಡಿದುಕೊಂಡು ನಗಿಸಬೇಡಿ ಎಂದು ಕೈಮುಗಿಯುವ ಹೆಂಗಸರನ್ನು ಅವರು ನೋಡಬೇಕು.

ನಿವೃತ್ತಿಯ ದಿನ ಕಿರಿಯ ಸಿಸ್ಟರುಗಳು ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ಮೈಕು ವಾಪಸು ಕೊಟ್ಟು, ಸಮೋಸ ತಿಂದು ಮನೆಗೆ ಬಂದೆ. ಆ ಎರಡು ಮಾತನ್ನು ಈಗ ಬರೆಯುತ್ತಿದ್ದೇನೆ. ಧಾರವಾಡ ಬಿಟ್ಟು ಬಂದ ಮೇಲೆ ನಾನು ಬೈದದ್ದು, ಚೌಕಾಸಿ ಮಾಡಿದ್ದು, ಹರಟೆ ಹೊಡೆದದ್ದು ಎಲ್ಲ ಮರಾಠಿಯಲ್ಲೇ. ಆದರೆ ನಾಡಿ ಎಣಿಸುವಾಗ, ಸಲಾಯಿನ್ ಹನಿ ಎಣಿಸುವಾಗ ಮಾತ್ರ ಬಾಯೊಳಗೆ ಒಂದು, ಎರಡು, ಮೂರು ಎಂದೇ ಬರುತ್ತಿತ್ತು. ಕೊನೆಯ ದಿನದವರೆಗೂ ಅದು ಬದಲಾಗಲಿಲ್ಲ. ಅದಕ್ಕೇ ಇದನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಈ ಕೆಲಸಕ್ಕೆ ಈಗ ಬರುತ್ತಿರುವ ನಮ್ಮ ಕಡೆಯ ಹುಡುಗಿಯರು ಪುಣೆಯಲ್ಲಿ ಕಡಿಮೆಯಿಲ್ಲ, ಅವರು ಓದಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಅವರಿಗೆ ಬೇಡ. ನಾನು ಮಾಡಿದ ಒಂದು ತಪ್ಪು ಅವರಿಗೆ ಬೇಕು.

ಮೊದಲು ಆ ಕಾಲದ ಪದ್ಧತಿ ಹೇಳಬೇಕು. ಆಪರೇಷನ್ನಿನ ಮುಂಚೆ ಬೆನ್ನಿಗೆ ಕೊಟ್ಟ ಸೂಜಿಯ ಜೋಮು ಕೆಲವು ತಾಸಿನಲ್ಲಿ ಇಳಿಯುತ್ತದೆ. ಮೊದಲು ಕಾಲ್ಬೆರಳು ಅಲ್ಲಾಡುತ್ತವೆ, ಆಮೇಲೆ ಮೊಣಕಾಲು, ಆಮೇಲೆ ಹೊಲಿಗೆ ಮಾತಾಡಲು ಶುರು ಮಾಡುತ್ತದೆ. ಈಗ ಆ ಮಾತು ಏಳುವ ಮುಂಚೆಯೇ ಔಷಧ ಹೋಗಿರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಹಾಗಿರಲಿಲ್ಲ. ಕೇಸ್ ಪೇಪರಿನಲ್ಲಿ ಡಾಕ್ಟರು ನೋವಿನ ಇಂಜೆಕ್ಷನ್ ಬರೆದು, ಪಕ್ಕದಲ್ಲಿ 'ಬೇಕಾದರೆ' ಎಂದು ಸೇರಿಸುತ್ತಿದ್ದರು. ಬೇಕು ಎಂದು ತೀರ್ಮಾನಿಸುವವರು ಯಾರು ಎಂದು ಬರೆಯುತ್ತಿರಲಿಲ್ಲ. ಬಾಣಂತಿ ಕೇಳಿದರೆ ಕೊಡುತ್ತಿದ್ದೆವು. ಕೇಳದಿದ್ದರೆ ಅವಳಿಗೆ ಬೇಡವೆಂದು ಲೆಕ್ಕ.

ಇದರ ಮೇಲೆ ನಮ್ಮ ಮೇಟ್ರನ್ ಇನಾಮದಾರ ಮೇಡಂ. ಇಸ್ತ್ರಿ ಮಾಡಿದ ಬಿಳಿ ಸೀರೆ, ಸೊಂಟದಲ್ಲಿ ಕೀಲಿ ಗೊಂಚಲು. ವಾರ್ಡು ಸ್ತಬ್ಧವಾಗಿದ್ದರೆ ಸಿಸ್ಟರ್ ಒಳ್ಳೆಯವಳು, ಗದ್ದಲವಿದ್ದರೆ ಕೆಟ್ಟವಳು ಎಂಬುದು ಅವರ ಒಂದೇ ಅಳತೆ. ಒಬ್ಬಳು ನರಳಿದರೂ ಬಾಗಿಲಲ್ಲಿ ನಿಂತು "ಹಾ ವಾರ್ಡ್ ಆಹೆ ಕಿ ಮಂಡಈ?" ಎನ್ನುತ್ತಿದ್ದರು, ಇದು ವಾರ್ಡೋ ಕಾಯಿಪಲ್ಲೆ ಪೇಟೆಯೋ ಎಂದು. ನಾನು ಅವರ ಮೆಚ್ಚಿನವಳು. ನನ್ನ ಪಾಳಿಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಅದಕ್ಕೆ ನಾನು ಎಷ್ಟು ಬೀಗುತ್ತಿದ್ದೆ ಎಂದು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಒಂದೇ ದಿನ ಎರಡು ಆಪರೇಷನ್. ನಾಲ್ಕನೇ ಮಂಚಕ್ಕೆ ಮಂದಾ ಬಂದಳು, ಐದನೆಯದಕ್ಕೆ ಗೀತಾ. ಮಂದಾ ಬಾರಾಮತಿ ಕಡೆಯವಳು, ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಬ್ಬಿನ ಗದ್ದೆಯ ಆ ತುದಿಯಿಂದ ಈ ತುದಿಗೆ ಕೂಗಿ ರೂಢಿಯಾದ ಗಂಟಲು. ಗೀತಾ ನಮ್ಮ ಬೆಳಗಾವಿ ಕಡೆಯ ಹುಡುಗಿ. ಗಂಡ ಪುಣೆಯಲ್ಲಿ ಆಫೀಸಿನ ಗುಮಾಸ್ತ. ಅವಳ ತಾಯಿ ಬಾಣಂತನಕ್ಕೆಂದು ಗೋಕಾಕದಿಂದ ಬಸ್ಸು ಹಿಡಿದು, ಸ್ವಾರಗೇಟದಲ್ಲಿ ಇಳಿದು, ಅಂಟಿನುಂಡಿಯ ಡಬ್ಬಿ, ಹೊಟ್ಟೆಗೆ ಕಟ್ಟುವ ಹಳೇ ಸೀರೆ, ಕೂಸಿಗೆ ಕುಂಚಿಗೆ ಎಲ್ಲ ಗಂಟು ಕಟ್ಟಿಕೊಂಡು ನೇರ ಆಸ್ಪತ್ರೆಗೇ ಬಂದಿದ್ದರು.

ಇಬ್ಬರ ಕೂಸುಗಳೂ ಮೊದಲ ದಿನವೇ ನರ್ಸರಿಗೆ ಹೋದವು. ಮಂದಾಳ ಗಂಡುಮಗುವಿನ ತೂಕ ಕಡಿಮೆ. ಗೀತಾಳ ಹೆಣ್ಣುಮಗುವಿಗೆ ಉಸಿರು ಸ್ವಲ್ಪ ಜೋರಾಗಿತ್ತು, ಕೆಲವು ದಿನ ಕಣ್ಣಿಟ್ಟು ನೋಡಬೇಕಿತ್ತು. ನರ್ಸರಿ ಕಾರಿಡಾರಿನ ಕೊನೆಯಲ್ಲಿ. ಕೂಸುಗಳನ್ನು ವಾರ್ಡಿಗೆ ತರುವಂತಿರಲಿಲ್ಲ, ತಾಯಂದಿರೇ ಹೋಗಿ ಹಾಲು ಕೊಡಬೇಕು. ಅಲ್ಲಿಯವರೆಗೆ ಹೆಚ್ಚೆಂದರೆ ನಲವತ್ತು ಹೆಜ್ಜೆ.

ಜೋಮು ಇಳಿಯಿತು. ಮಂದಾ ಕೂಗಲು ಶುರು ಮಾಡಿದಳು. ತಾಯಿಯನ್ನು ಕರೆದಳು, ದೇವರನ್ನು ಕರೆದಳು, ಗಂಡನನ್ನು ಕರೆದು ಬೈದಳು. ನನಗೆ ಮೇಟ್ರನ್ ಬರುತ್ತಾರೆಂಬ ಚಿಂತೆ. ಬೇಗ ಬೇಗ ಇಂಜೆಕ್ಷನ್ ಕೊಟ್ಟು ಬಾಯಿ ಮುಚ್ಚಿಸಿದೆ. ಹೌದು, ಆಗ ಅದನ್ನು ಹಾಗೆಯೇ ಅನ್ನುತ್ತಿದ್ದೆವು. ಪಕ್ಕದ ಮಂಚದಲ್ಲಿ ಗೀತಾ ಕಣ್ಣು ಮುಚ್ಚಿ ಮಲಗಿದ್ದಳು. ಹೋಗಿ ಕೇಳಿದೆ.

"ಹೆಂಗದ ಗೀತಾ, ನೋಯಾಕತ್ತದೇನು?"

"ಏನಿಲ್ರಿ ಅಕ್ಕಾರ."

ನನ್ನ ಎದೆ ಉಬ್ಬಿತು. ನಮ್ಮ ಕಡೆಯ ಹುಡುಗಿ! ನಾನು ಅಲ್ಲೇ ನಿಂತು ಇಡೀ ವಾರ್ಡಿಗೆ ಕೇಳಿಸುವಂತೆ ಮರಾಠಿಯಲ್ಲಿ ಹೇಳಿದೆ: ನೋಡಿ ಇವಳನ್ನ, ನಮ್ಮ ಕರ್ನಾಟಕದವಳು, ಉಸಿರೆತ್ತಿಲ್ಲ. ಕಲಿಯಿರಿ ಸ್ವಲ್ಪ! ಆಮೇಲೆ ಗೀತಾಳ ತಲೆ ಸವರಿ ಕನ್ನಡದಲ್ಲಿ, "ನಮ್ಮ ಮಂದಿ ಭಾಳ ಗಟ್ಟಿ ನೋಡವಾ, ಭೇಷ್!" ಎಂದೆ. ಅವಳ ತಾಯಿಯ ಮುಖವೂ ಅರಳಿತು. "ನಮ್ಮ ಮನ್ಯಾಗ ಯಾರೂ ಬಾಯಿ ಮಾಡೂದಿಲ್ರಿ," ಎಂದರು. "ಮತ್ತ ಈ ಸೂಜಿ ಔಷಧ ಎಲ್ಲಾ ಹಾಲಿಗೆ ಇಳೀತಾವಂತ, ಕೂಸಿಗೆ ಬ್ಯಾಡ್ರಿ."

ಆಗಲೇ ನಾನು ಹೇಳಬೇಕಿತ್ತು, ಬಾಣಂತಿಗೆ ನಾವು ಕೊಡುವ ನೋವಿನ ಔಷಧ ಕೂಸಿಗೆ ತೊಂದರೆ ಮಾಡುವಂಥದ್ದಲ್ಲ, ಡಾಕ್ಟರು ನೋಡಿಯೇ ಬರೆದಿರುತ್ತಾರೆ ಎಂದು. ಹೇಳಲಿಲ್ಲ. ಊರ ಕಡೆಯ ಹಿರಿಯರು, ಅವರ ಮಾತು ಯಾಕೆ ತೆಗೆದುಹಾಕಲಿ ಎಂದು ನಕ್ಕು ಸುಮ್ಮನಾದೆ.

ಎರಡನೇ ದಿನ ಮಂದಾ ಎದ್ದಳು. ಗೋಡೆ ಹಿಡಿದು, ಪ್ರತಿ ಹೆಜ್ಜೆಗೂ ಒಂದು ಬೈಗುಳ ಹಾಕುತ್ತ ನರ್ಸರಿಗೆ ಹೋಗಿ ಮಗನಿಗೆ ಹಾಲು ಕೊಟ್ಟು ಬಂದಳು. ಗೀತಾಗೆ ಹೇಳಿದರೆ "ನಾಳೆ ಹೋಗ್ತೀನ್ರಿ" ಎಂದಳು. ವ್ಹೀಲ್ ಚೇರ್ ತರಿಸಿದೆ. "ಬ್ಯಾಡ್ರಿ, ಸಂಜೀಕ ಹೋಗ್ತೀನಿ." ಸಂಜೆಗೂ ಏಳಲಿಲ್ಲ. ಅವಳ ಹಾಲನ್ನು ಹಿಂಡಿ ಕೊಡು ಎಂದರೆ ಅದಕ್ಕೂ ಕೈ ಎತ್ತಲಿಲ್ಲ. ಕೂಸಿಗೆ ನರ್ಸರಿಯಲ್ಲಿ ಚಮಚೆಯಿಂದ ಮೇಲಿನ ಹಾಲು ಕುಡಿಸಿದರು. ಕೂಸಿನ ಉಸಿರು ಸರಿಯಾಗುತ್ತಿತ್ತು, ಆದರೆ ಅದು ತಾಯಿಯ ಮುಖ ನೋಡಿರಲಿಲ್ಲ.

ಮೂರನೇ ದಿನ ಬೆಳಗ್ಗೆ ವಾರ್ಡಿನಲ್ಲಿ ಪಿಸುಮಾತು ಎದ್ದಿತು. ಹೆಣ್ಣು ಹುಟ್ಟಿತಲ್ಲ, ಅದಕ್ಕೇ ಹೋಗುತ್ತಿಲ್ಲ ಎಂದು. ಕಸ ಗುಡಿಸುವ ಮೌಶಿ ಹೇಳಿದಳು, ಪಕ್ಕದ ವಾರ್ಡಿನ ಸಿಸ್ಟರ್ ಹೇಳಿದಳು. ನಾನೂ ನಂಬಿದೆ. ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಹಿಂದೆ ಹೊಗಳಿದ ಬಾಯಿಯಿಂದಲೇ ಆ ಹುಡುಗಿಗೆ ಉಪದೇಶ ಮಾಡಿದೆ.

"ಹೆಣ್ಣು ಅಂದ್ರ ಏನು, ಕೂಸಲ್ಲೇನು? ನೀನೂ ಹೆಣ್ಣಽ ಅಲ್ಲೇನು? ಮೂರು ದಿನಾ ಆತು, ಒಮ್ಮೆರ ಮಾರಿ ನೋಡಿಯೇನು?"

ಗೀತಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ತಪ್ಪು ಅರಿವಾಗಿ ಅಳುತ್ತಿದ್ದಾಳೆ ಎಂದುಕೊಂಡು ನಾನು ಮುಂದೆ ಹೋದೆ.

ಆಗ ಮಂದಾ ನನ್ನ ಸೆರಗು ಹಿಡಿದು ಎಳೆದಳು. ಅವಳು ಹೇಳಿದ ಮರಾಠಿ ಮಾತು ನನಗೆ ಅಕ್ಷರ ಅಕ್ಷರವಾಗಿ ನೆನಪಿದೆ. "ಸಿಸ್ಟರ, ತುಮ್ಹಾಲಾ ದಿಸತ ನಾಹೀ ಕಾ? ತುಮ್ಹೀ ಗೇಲಾತ ಕೀ ತೀ ಚಾದರ ಚಾವತೇ." ನಿಮಗೆ ಕಾಣುವುದಿಲ್ಲವೇ? ನೀವು ಅತ್ತ ಹೋದ ಕೂಡಲೇ ಅವಳು ಚಾದರ ಕಚ್ಚುತ್ತಾಳೆ.

ನಾನು ವಾಪಸು ಹೋಗಿ ಚಾದರದ ಅಂಚನ್ನು ಎತ್ತಿ ನೋಡಿದೆ. ಒದ್ದೆಯಾಗಿತ್ತು, ಒಂದು ಕಡೆ ಹಲ್ಲು ತಾಗಿ ಹರಿದಿತ್ತು. ಆಮೇಲೆ ಮೊದಲ ಬಾರಿಗೆ ಅವಳನ್ನು ನರ್ಸಿನ ಕಣ್ಣಿಂದ ನೋಡಿದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿತ್ತು, ಹೊಟ್ಟೆ ಅಲ್ಲಾಡಬಾರದೆಂದು. ಗಂಟಲಲ್ಲಿ ಕಫ ಗೊರಗುಡುತ್ತಿತ್ತು, ಕೆಮ್ಮಲು ಹೆದರಿ ನುಂಗುತ್ತಿದ್ದಳು. ಮೈ ಬೆಚ್ಚಗಿತ್ತು. ಹೊದಿಕೆ ತೆಗೆದರೆ ತಾಯಿ ಕಟ್ಟಿದ ಹಳೇ ಸೀರೆ, ಹೊಲಿಗೆಯ ಮೇಲೆಯೇ ಬಿಗಿದ ಗಂಟು. ಅದನ್ನು ಬಿಚ್ಚಿದೆ.

"ಇಷ್ಟು ನೋವಿದ್ರ ಒಂದು ಮಾತು ಹೇಳಬಾರದೇನವಾ?"

"ಹೆಂಗ ಹೇಳ್ಲಿರಿ ಅಕ್ಕಾರ?" ಎಂದಳು ಗೀತಾ. ಧ್ವನಿ ಹೊರಗೇ ಬರುತ್ತಿರಲಿಲ್ಲ. "ಎಲ್ಲಾರ ಮುಂದ ನೀವು ಗಟ್ಟಿ ಹುಡುಗಿ ಅಂದ್ರಿ. ನಮ್ಮ ಮಂದಿ ಮರ್ಯಾದಿ ಅಂದಂಗಾತು. ನಂಗ ನನ್ನ ಕೂಸು ಬೇಕ್ರಿ. ಏಳಾಕಽ ಬರವಲ್ದು."

ಮೂವತ್ತನಾಲ್ಕು ವರ್ಷದಲ್ಲಿ ನನ್ನನ್ನು ಡಾಕ್ಟರುಗಳು ಬೈದಿದ್ದಾರೆ, ರೋಗಿಗಳ ಗಂಡಂದಿರು ಕೂಗಾಡಿದ್ದಾರೆ. ಯಾವುದೂ ಈ ಮಾತಿನಷ್ಟು ನನಗೆ ನಾಟಲಿಲ್ಲ. ನಾನು ಅವಳಿಗೆ ಹೊಗಳಿಕೆ ಕೊಟ್ಟೆ ಅಂದುಕೊಂಡಿದ್ದೆ. ಅವಳ ಬಾಯಿಗೆ ಬೀಗ ಹಾಕಿದ್ದೆ. ಬೇರೆ ಊರಿನ ಸಿಸ್ಟರ್ ಆಗಿದ್ದರೆ ಆ ಹುಡುಗಿ ಎರಡನೇ ತಾಸಿಗೇ ಔಷಧ ಕೇಳುತ್ತಿದ್ದಳು. ತನ್ನ ಭಾಷೆಯ ನಾನು ಸಿಕ್ಕಿದ್ದಕ್ಕೆ ಮೂರು ದಿನ ಚಾದರ ಕಚ್ಚಿದಳು.

ಡಾಕ್ಟರನ್ನು ಕರೆಸಿದೆ. ಅವರು ಎದೆಗೆ ಕಿವಿಗೊಟ್ಟು, ಕಫ ಕಟ್ಟುತ್ತಿದೆ, ಇನ್ನೊಂದು ದಿನ ಹೀಗೇ ಬಿಟ್ಟಿದ್ದರೆ ನ್ಯುಮೋನಿಯಾ ಆಗುತ್ತಿತ್ತು ಎಂದರು. ಇಂಜೆಕ್ಷನ್ ಕೊಟ್ಟು ಅರ್ಧ ತಾಸು ಕಾದೆ. ಆ ಅರ್ಧ ತಾಸು ಅವಳ ಕೈ ಹಿಡಿದು ಕೂತಿದ್ದೆ, ಬೇರೆ ಹನ್ನೊಂದು ಮಂಚ ಏನಾದರೂ ಆಗಲಿ ಎಂದು. ಆಮೇಲೆ ಹೊಟ್ಟೆಯ ಮೇಲೆ ದಿಂಬು ಇಟ್ಟು, ಎರಡೂ ಕೈಯಿಂದ ಅವುಚಿಕೊಳ್ಳಲು ಹೇಳಿದೆ. "ಈಗ ಕೆಮ್ಮಿ ತೋರಿಸವ್ವಾ." ಕೆಮ್ಮಿದಳು. ಇನ್ನೊಮ್ಮೆ. ಕಫ ಬಂತು. ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಇಳಿಬಿಡಿಸಿ, ಮೊಣಕೈ ಊರಿ ಕೂರುವುದನ್ನು ಕಲಿಸಿದೆ. ನೆಟ್ಟಗೆ ಮಲಗಿದಲ್ಲಿಂದ ಎದ್ದರೆ ಹೊಲಿಗೆ ಹಿಡಿದು ಎಳೆದಂತಾಗುತ್ತದೆ, ಮಗ್ಗುಲಿನಿಂದ ಎದ್ದರೆ ಹಾಗಾಗುವುದಿಲ್ಲ. ಇಷ್ಟು ಸಣ್ಣ ವಿಷಯವನ್ನು ಮೊದಲ ದಿನವೇ ಕಲಿಸಬೇಕಿತ್ತು.

ನಲವತ್ತು ಹೆಜ್ಜೆ. ಒಂದು ಕಡೆ ನಾನು, ಇನ್ನೊಂದು ಕಡೆ ಮಂದಾ. ಮಂದಾ ಗೀತಾಳ ಪರವಾಗಿಯೂ ತಾನೇ ಬೈಗುಳ ಹಾಕುತ್ತ ಬಂದಳು. ನರ್ಸರಿಯಲ್ಲಿ ಕುರ್ಚಿ ಹಾಕಿ, ತೊಡೆಯ ಮೇಲೆ ದಿಂಬು ಇಟ್ಟು, ಹೊಲಿಗೆಗೆ ಕಾಲು ತಾಗದಂತೆ ಕೂಸನ್ನು ಪಕ್ಕದಿಂದ ಎದೆಗೆ ಹಿಡಿಸಿದೆವು. ಕೂಸು ಸ್ವಲ್ಪ ಹೊತ್ತು ಮೂಗು ಉಜ್ಜಿತು, ಆಮೇಲೆ ಬಾಯಿ ಹಾಕಿತು. ಗೀತಾ ಆಗ ಜೋರಾಗಿ ಅತ್ತಳು. ಮೂರು ದಿನದ ಅಳು. ನಾನು ಸುಮ್ಮನಿರು ಎನ್ನಲಿಲ್ಲ. ಗೋಕಾಕದ ತಾಯಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನನಗೂ ಹೇಳಲಿಲ್ಲಲ್ಲಽ ನನ್ನವ್ವಾ" ಎನ್ನುತ್ತಿದ್ದರು.

ಮರುದಿನ ಮೇಟ್ರನ್ನರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ನಾನೇ ಅವಳ ಬಾಯಿ ಕಟ್ಟಿದೆ ಎಂದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೀಲಿ ಗೊಂಚಲನ್ನು ಮೇಜಿನ ಮೇಲಿಟ್ಟು, "ಚಹಾ ಕುಡಿ" ಎಂದರು. ಅಷ್ಟೇ. ಆದರೆ ಆಮೇಲೆ ನಮ್ಮ ವಾರ್ಡಿನ ಬಾಗಿಲಲ್ಲಿ ಅವರು ಮಂಡಈಯ ಹೆಸರೆತ್ತಿದ್ದು ನನಗೆ ನೆನಪಿಲ್ಲ. ಮುಂದೆ ಕೆಲವು ವರ್ಷಕ್ಕೆ ಅರಿವಳಿಕೆಯ ಹೊಸ ಡಾಕ್ಟರು ಬಂದು, ನೋವಿನ ಔಷಧ ಕೇಳಿದರೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡಬೇಕು, ನೋವು ಏರುವ ಮುಂಚೆಯೇ ಎಂದಾಗ ಹಳೆಯ ಸಿಸ್ಟರುಗಳೆಲ್ಲ ಗೊಣಗಿದರು. ಕೇಳದವರಿಗೂ ಔಷಧವೇ ಎಂದರು. ಮೇಟ್ರನ್ ನನ್ನ ಕಡೆ ಕೈ ತೋರಿಸಿ, "ಐದನೇ ಮಂಚದ ಕಥೆ ಇವರಿಗೆ ಹೇಳು" ಎಂದರು. ಹೇಳಿದೆ. ಗೊಣಗಾಟ ನಿಂತಿತು.

ಆಮೇಲೆ ಅಂಕ ಹಾಕುವ ಪದ್ಧತಿ ಬಂತು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು? ನಮ್ಮಲ್ಲಿ ಇದಕ್ಕೆ ಅತ್ತೆಯೇ ಉತ್ತರ ಕೊಡುತ್ತಾಳೆ. "ಎರಡು ಹಾಕ್ಕೋರಿ." ಬಾಣಂತಿ ಪಿಳಿಪಿಳಿ ನೋಡುತ್ತಾಳೆ. ಅಂಥ ಅತ್ತೆಯರನ್ನು ನಾನು ಚಹಾಕ್ಕೆ ಕ್ಯಾಂಟೀನಿಗೆ ಕಳಿಸುತ್ತಿದ್ದೆ. ಹಿಂಜವಡಿಯ ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿಯೊಬ್ಬಳು ಮಾತ್ರ ಮೊಬೈಲಿನಲ್ಲಿ ತಾಸುತಾಸಿಗೆ ಬರೆದಿಟ್ಟುಕೊಂಡು, "ಸಿಸ್ಟರ್, ಬೆಳಗ್ಗೆ ಸಿಕ್ಸ್ ಪಾಯಿಂಟ್ ಫೈವ್ ಇತ್ತು, ಈಗ ಫೋರ್ ಪಾಯಿಂಟ್ ಟೂ ಇದೆ" ಎಂದು ವರದಿ ಕೊಟ್ಟಳು. ಆ ಪಾಯಿಂಟ್ ಟೂ ಎಲ್ಲಿ ನೋಯುತ್ತದಮ್ಮ ಎಂದು ಕೇಳಿದೆ. ಅವಳು ನಕ್ಕು, ಹೊಲಿಗೆ ಹಿಡಿದುಕೊಂಡು, "ನಗಿಸ್ಬೇಡಿ ಪ್ಲೀಸ್, ಏಯ್ಟ್ ಆಯ್ತು" ಎಂದಳು.

ಅಂಕಿ ಕೇಳಿ, ಬರೆದುಕೊಳ್ಳಿ. ಆದರೆ ನಂಬಬೇಡಿ. ನನ್ನ ಪದ್ಧತಿ ಒಂದೇ. ದಿಂಬು ಕೊಟ್ಟು, ಕೆಮ್ಮಿ ತೋರಿಸು ಎನ್ನುವುದು. ಬಾಯಿ ಸುಳ್ಳು ಹೇಳುತ್ತದೆ, ಕೆಮ್ಮು ಹೇಳುವುದಿಲ್ಲ. ಸರಿಯಾಗಿ ಕೆಮ್ಮಿದರೆ ಔಷಧ ಸಾಕಾಗಿದೆ. ಅರ್ಧಕ್ಕೆ ನುಂಗಿದರೆ ಸಾಕಾಗಿಲ್ಲ. ಇನ್ನೊಂದು, ಎಲ್ಲ ನೋವೂ ಹೊಲಿಗೆಯ ನೋವಲ್ಲ. ಮೀನಖಂಡದಲ್ಲಿ ನೋವು, ಒಂದೇ ಕಾಲಿಗೆ ಬಾವು ಎಂದರೆ ಡಾಕ್ಟರನ್ನು ಓಡಿ ಕರೆಯಿರಿ. ಹೊಲಿಗೆ ದಿನದಿನಕ್ಕೆ ಕಡಿಮೆಯಾಗುವ ಬದಲು ಹೆಚ್ಚು ನೋಯುತ್ತಿದ್ದರೆ, ಕೆಂಪಾಗಿದ್ದರೆ, ಜ್ವರವಿದ್ದರೆ ಗುಳಿಗೆ ಕೊಟ್ಟು ಸುಮ್ಮನೆ ಕೂರಬೇಡಿ. ಹಾಲಿಗೆ ಔಷಧ ಇಳಿಯುತ್ತದೆ ಎನ್ನುವ ಅಜ್ಜಿಯರ ಮೇಲೆ ಸಿಟ್ಟಾಗಬೇಡಿ, ಪಕ್ಕದಲ್ಲಿ ಕೂತು ಹೇಳಿ. ನೋವಿನಲ್ಲಿ ಮುದುರಿದ ತಾಯಿ ಕೂಸನ್ನು ಎತ್ತಿಕೊಳ್ಳುವುದೇ ಇಲ್ಲ ಎಂದರೆ ಅವರಿಗೆ ಅರ್ಥವಾಗುತ್ತದೆ.

ಗೀತಾ ಏಳು ವರ್ಷದ ಮೇಲೆ ಮತ್ತೆ ಬಂದಳು. ಆಗ ನಾನು ವಾರ್ಡಿನ ಇನ್‌ಚಾರ್ಜ್. ಸ್ಟ್ರೆಚರಿನ ಮೇಲೆ ಆಪರೇಷನ್ನಿಗೆ ಹೋಗುತ್ತಿದ್ದವಳು ನನ್ನನ್ನು ಕಂಡು ತಲೆ ಎತ್ತಿ, "ಅಕ್ಕಾರ, ಈ ಸಲ ನಾ ಗಟ್ಟಿ ಇಲ್ರಿ!" ಎಂದು ಕೂಗಿದಳು. "ಬ್ಯಾಡವಾ, ಯಾರು ಹೇಳ್ಯಾರ ನಿನಗ ಗಟ್ಟಿ ಇರು ಅಂತ!" ಎಂದೆ. ಆ ಸಲ ಅವಳು ಮರುದಿನ ಬೆಳಗ್ಗೆಯೇ ಎದ್ದು ಕೂತಳು, ಮೂರು ಸಲ ಔಷಧ ಇನ್ನೂ ಯಾಕೆ ಬಂದಿಲ್ಲ ಎಂದು ನನ್ನ ಸಿಸ್ಟರುಗಳನ್ನು ತರಾಟೆಗೆ ತೆಗೆದುಕೊಂಡಳು. ಅವಳ ದೊಡ್ಡ ಮಗಳು, ನರ್ಸರಿಯ ಆ ಕೂಸು, ಎರಡು ಜಡೆ ಹಾಕಿಕೊಂಡು ಬಂದು ತಮ್ಮನ ಕಾಲ್ಬೆರಳು ಎಣಿಸುತ್ತಿದ್ದಳು. ಅವತ್ತು ನಾನು ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ.

ಹೋದ ವರ್ಷ ನನ್ನದೇ ಹೊಟ್ಟೆ ಕೊಯ್ಯಬೇಕಾಯಿತು. ಗರ್ಭಕೋಶ ತೆಗೆಸುವ ಆಪರೇಷನ್, ನಮ್ಮ ಆಸ್ಪತ್ರೆಯಲ್ಲೇ. ನನ್ನ ಎರಡು ಹೆರಿಗೆಯೂ ಸಹಜವಾದವು, ಅಲ್ಲಿಯವರೆಗೆ ನನ್ನ ಮೈಗೆ ಕತ್ತಿ ತಾಗಿರಲಿಲ್ಲ. ಮರುದಿನ ಬೆಳಗ್ಗೆ ರೇಷ್ಮಾ ಬಂದಳು. ನಾನೇ ಕೆಲಸ ಕಲಿಸಿದ ಸತಾರಾದ ಹುಡುಗಿ. ನೋವು ಎಷ್ಟು ಮೇಡಂ ಎಂದು ಮರಾಠಿಯಲ್ಲಿ ಕೇಳಿದಳು. ವಾರ್ಡಿನ ಉಳಿದ ಮಂಚದವರೆಲ್ಲ ನನ್ನ ಕಡೆ ನೋಡುತ್ತಿದ್ದರು, ಇವರು ಇಲ್ಲಿಯ ದೊಡ್ಡ ಸಿಸ್ಟರ್ ಆಗಿದ್ದರಂತೆ ಎಂದು.

"ಕಾಹೀ ನಾಹೀ ಗ," ಎಂದೆ. ಏನಿಲ್ಲವೇ.

ರೇಷ್ಮಾ ಬರೆದುಕೊಳ್ಳಲಿಲ್ಲ. ಪೆನ್ನು ಜೇಬಿಗೆ ಹಾಕಿ, ಪಕ್ಕದ ದಿಂಬು ತೆಗೆದು ನನ್ನ ಹೊಟ್ಟೆಯ ಮೇಲಿಟ್ಟು, ಎರಡು ಕೈಯನ್ನೂ ಅದರ ಮೇಲೆ ಇರಿಸಿದಳು.

"ಖೋಕೂನ ದಾಖವಾ, ಮೇಡಂ."

ಕೆಮ್ಮಿ ತೋರಿಸಿ. ನನಗೇ ಕಲಿಸುತ್ತಾಳಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು. ಕೆಮ್ಮಲು ಹೋದೆ. ಅರ್ಧಕ್ಕೆ ನುಂಗಿದೆ. ಕಣ್ಣಲ್ಲಿ ನೀರು ಬಂತು. ಅವಳು ಅಲ್ಲಾಡದೆ ಕಾಯುತ್ತಿದ್ದಳು.

"ಎಂಟು," ಎಂದೆ.

ಅವಳಿಗೆ ಕನ್ನಡ ಬರುವುದಿಲ್ಲ. "ಕಿತೀ?" ಎಷ್ಟು ಎಂದು ಮತ್ತೆ ಕೇಳಿದಳು. ನಾನು ದಿಂಬಿನಿಂದ ಎರಡೂ ಕೈ ಬಿಡಿಸಿ, ಇಡೀ ವಾರ್ಡಿಗೆ ಕಾಣುವಂತೆ ಎಂಟು ಬೆರಳು ಎತ್ತಿ ತೋರಿಸಿದೆ.